ಬೀಜ ತೆಗೆದು ಹಾಕಿದ ಜಾಮು

ಗಾಜಿನ ಸಾಮಾನು ಮಾರುವವನು ಮನುಷ್ಯರನ್ನು ನೋಡುವುದೂ ಗಾಜನ್ನು ನೋಡಿದ ಹಾಗೆಯೇ. ಬೆರಳಿನಿಂದ ತಟ್ಟಿ ಸದ್ದು ಕೇಳುತ್ತೇನೆ, ಬೆಳಕಿಗೆ ಹಿಡಿದು ಗುಳ್ಳೆ ಇದೆಯೇ ಎಂದು ನೋಡುತ್ತೇನೆ, ಮುಚ್ಚಳ ಕೂರುತ್ತದೆಯೇ ಎಂದು ಒಂದು ಸುತ್ತು ತಿರುಗಿಸುತ್ತೇನೆ. ಈ ಲೆಕ್ಕದಲ್ಲಿ ನಮ್ಮ ಬೀದಿಯ ನಕಲು ಗುಮಾಸ್ತ, ಏಣಿ ಹಾಕಿದರೆ ಮಾತ್ರ ಸಿಗುವ ಮೇಲಿನ ಕಪಾಟಿನಲ್ಲಿ ಧೂಳು ತಿನ್ನುತ್ತ ಕೂತಿರುವ ಮಾಲು. ಕತ್ತು ಉದ್ದ, ಬಾಯಿ ಸಣ್ಣದು. ಒಳಗೆ ಹಾಕಿದ್ದು ಹೊರಗೆ ಬರುವುದಿಲ್ಲ, ತೊಳೆಯೋಣ ಎಂದರೆ ಕೈ ಹೋಗುವುದಿಲ್ಲ. ಅಂಥ ಶೀಸೆಯನ್ನು ಯಾರೂ ಕೊಳ್ಳುವುದಿಲ್ಲ. ಹಾಳಾದ್ದು ಒಡೆಯುವುದೂ ಇಲ್ಲ.

ನಕಲು ಗುಮಾಸ್ತ ಎಂದರೆ ಯಾರೆಂದು ಈಗಿನವರಿಗೆ ಹೇಳಬೇಕಾಗುತ್ತದೆ. ಕೋರ್ಟಿನಲ್ಲಿ ಸಾಹೇಬರು ಬರೆದ ತೀರ್ಪನ್ನು ಇನ್ನೊಂದು ಹಾಳೆಯ ಮೇಲೆ ಇದ್ದದ್ದು ಇದ್ದ ಹಾಗೆ ಇಳಿಸಿ, ಕೆಳಗೆ 'ಅಸಲಿನಂತೆ ನಕಲು' ಎಂದು ಬರೆದು, ಸಹಿ ಹಾಕಿ, ಮೊಹರು ಒತ್ತುವವನು. ಮೂವತ್ತೊಂದು ವರ್ಷ ಅವನು ಮಾಡಿದ್ದು ಇಷ್ಟೇ. ಸ್ವಂತದ್ದು ಅಂತ ಒಂದು ವಾಕ್ಯ ಬರೆದವನಲ್ಲ. ಬೀದಿಯವರು ಅವನನ್ನು 'ನಕಲಿ ಸಾಹೇಬ' ಎಂದು ಕರೆಯುತ್ತಿದ್ದರು. ಕರೆದಾಗಲೆಲ್ಲ ಅವನು ನಿಂತು, ತಿರುಗಿ, ಕನ್ನಡಕ ಸರಿಮಾಡಿಕೊಂಡು ಹೇಳುತ್ತಿದ್ದ: "ನಕಲು ಬೇರೆ, ನಕಲಿ ಬೇರೆ. ಒಂದು ಗುಡಿಸಿನ ವ್ಯತ್ಯಾಸದಲ್ಲಿ ಒಬ್ಬ ಮನುಷ್ಯ ಜೈಲಿಗೆ ಹೋಗ್ತಾನೆ." ಮಾರನೆಯ ದಿನ ಅವರು ಮತ್ತೆ ನಕಲಿ ಸಾಹೇಬ ಎನ್ನುತ್ತಿದ್ದರು. ಅವನು ಮತ್ತೆ ನಿಲ್ಲುತ್ತಿದ್ದ. ಬೇರೆ ಕೆಲಸವಿಲ್ಲದವರ ಬೀದಿ ನಮ್ಮದು.

ಅವನ ವಿದ್ಯೆಯಲ್ಲಿ ಒಂದು ಗುಟ್ಟಿತ್ತು. ಬರೆಯುವಾಗ ಅವನು ಓದುತ್ತಿರಲಿಲ್ಲ. "ಓದಿದರೆ ಕೈ ತಪ್ಪುತ್ತದೆ" ಎನ್ನುತ್ತಿದ್ದ. "ಓದುವವನಿಗೆ ಮುಂದಿನ ಪದ ಗೊತ್ತಾಗಿಬಿಡುತ್ತದೆ. ಗೊತ್ತಾದದ್ದನ್ನ ಅವನು ಬರೆಯುತ್ತಾನೆ, ಇದ್ದದ್ದನ್ನ ಬಿಡುತ್ತಾನೆ." ಹೀಗಾಗಿ ಮೂವತ್ತೊಂದು ವರ್ಷ ಕೊಲೆ, ಜಗಳ, ವಿಚ್ಛೇದನ, ಬೇಲಿ ತಕರಾರು ಎಲ್ಲ ಅವನ ಬೆರಳಿನಿಂದ ಹರಿದುಹೋದರೂ ತಲೆಗೆ ಒಂದೂ ಹತ್ತಲಿಲ್ಲ. ಲೋಕದ ಕಥೆಯೆಲ್ಲ ಕೈಯಿಂದ ಬರೆದು ಇಷ್ಟು ಖಾಲಿಯಾಗಿ ಉಳಿದ ಇನ್ನೊಬ್ಬ ಮನುಷ್ಯನನ್ನು ನಾನು ಕಾಣೆ.

ಒಮ್ಮೆ ಒಬ್ಬ ಸಾಹೇಬರು ಅವಸರದಲ್ಲಿ 'ಆರೋಪಿಯು ಕತ್ತಿಯಿಂದ ಹೊಡೆದನು' ಎನ್ನುವ ಬದಲು 'ಕತ್ತೆಯಿಂದ ಹೊಡೆದನು' ಎಂದು ಬರೆದರು. ಬೇರೆ ಯಾವ ಗುಮಾಸ್ತನಾದರೂ ನಕ್ಕು ತಿದ್ದುತ್ತಿದ್ದ. ಇವನು ಕತ್ತೆಯನ್ನು ಹಾಗೇ ಇಳಿಸಿ, ಮೊಹರು ಒತ್ತಿ ಮೇಲಿನ ಕೋರ್ಟಿಗೆ ಕಳಿಸಿದ. ಅಲ್ಲಿ ವಕೀಲರು ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. ವಿವರಣೆ ಕೇಳಿದಾಗ ಇವನು ಕೊಟ್ಟ ಉತ್ತರ ಒಂದೇ ಸಾಲು: "ಕತ್ತೆ ನನ್ನದಲ್ಲ, ಸಾಹೇಬರದು." ಅವತ್ತಿಗೆ ಅವನ ಬಡ್ತಿಯ ಕಥೆ ಮುಗಿಯಿತು. ಇದನ್ನು ಬೇರೆಯವರು ತಮಾಷೆ ಎಂದು ಹೇಳುತ್ತಾರೆ. ಅವನು ಎದೆ ಉಬ್ಬಿಸಿ ಹೇಳುತ್ತಾನೆ.

ನಿವೃತ್ತಿಯಾದ ಮೇಲೆ ಅವನು ಬಂದು ಸೇರಿದ್ದು ತಂಗಿಯ ಮನೆಗೆ. ಮದುವೆ ಆಗಿರಲಿಲ್ಲ, ಯಾವ ಹೆಣ್ಣಿನ ಪುಣ್ಯವೋ. ತಂಗಿಯ ಗಂಡನದು ಹಣ್ಣಿನಂಗಡಿ, ನನ್ನ ಅಂಗಡಿಯ ಪಕ್ಕಕ್ಕೇ. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಖಾಲಿ ಪೆಟ್ಟಿಗೆ ಜೋಡಿಸಿಡುವ ಒಂದು ಕೋಣೆ. ಆ ಕೋಣೆಯಲ್ಲೇ ಗುಮಾಸ್ತನ ಮಂಚ, ಮೇಜು, ಹನ್ನೊಂದು ಲೇಖನಿ. ಬೆಳಿಗ್ಗೆ ಎದ್ದು ಅಂಗಡಿಯ ಮುಂದೆ ನಿಂತು ಅವನು ಮಾಡುತ್ತಿದ್ದ ಮೊದಲ ಕೆಲಸ ಬೋರ್ಡು ಓದುವುದು. ಬೋರ್ಡು ಬರೆದವನು 'ತಾಜಾ ಹಣ್ಣು ದೊರೆಯುತ್ತದೆ' ಎನ್ನುವುದನ್ನು 'ತಾಜ ಹಣು ದೊರೆಯುತದೆ' ಎಂದು ಬರೆದಿದ್ದ. ಇವನು ಅದನ್ನು ಬರೆದ ಹಾಗೇ, ಮಗು ಪಾಠ ಒಪ್ಪಿಸಿದ ಹಾಗೆ ಗಟ್ಟಿಯಾಗಿ ಓದುತ್ತಿದ್ದ: "ತಾಜ. ಹಣು. ದೊರೆಯುತದೆ."

"ತಿದ್ದಿಸಬೇಕು ಅಂದ್ರೆ ಬಾಯಿ ಬಿಟ್ಟು ಹೇಳಿ ಭಾವ," ಎನ್ನುತ್ತಿದ್ದ ಹಣ್ಣಿನವನು.

"ತಿದ್ದುವುದು ನನ್ನ ಕೆಲಸವಲ್ಲ ಯಜಮಾನರೇ. ಇದೆಯಲ್ಲ ಅಂತ ಓದಿದೆ."

ಯಜಮಾನರೇ ಎನ್ನುವ ಮಾತಿನಲ್ಲಿ ಅಷ್ಟು ತಾತ್ಸಾರ ತುಂಬಬಹುದು ಎಂದು ನನಗೆ ಗೊತ್ತಾದದ್ದೇ ಅವನಿಂದ. ಹಣ್ಣಿನವನೇನು ಕಡಿಮೆ ಅಲ್ಲ. ಮೇಲೆ ನಾಲ್ಕು ಫಳಫಳ ಸೇಬು, ಕೆಳಗೆ ಮೆತ್ತಗಾದ ಹನ್ನೆರಡು, ಇದು ಅವನ ಜೀವನದರ್ಶನ. ಗಿರಾಕಿ ಹಣ್ಣು ಅದುಮಿ ನೋಡಿದರೆ "ಅದು ನಿಮ್ಮ ಕೆನ್ನೆ ಅಲ್ಲಮ್ಮ" ಎನ್ನುವವನು.

ಅವನ ಅಂಗಡಿ ನಡೆಯುತ್ತಿದ್ದದ್ದು ಅವನ ಅಮ್ಮನ ಜಾಮಿನಿಂದ. ಇದನ್ನು ಅವನು ಒಪ್ಪುವುದಿಲ್ಲ; ಒಪ್ಪದಿದ್ದರೂ ಸತ್ಯವೇ. ಮಾರಾಟವಾಗದೆ ಉಳಿದ ಸೇಬು, ಬಾಡಿದ ಕಿತ್ತಳೆ, ಕಲೆ ಬಿದ್ದ ನಿಂಬೆ ಇವನ್ನೆಲ್ಲ ಆ ಮುದುಕಿ ಅಡುಗೆಮನೆಗೆ ಹೊತ್ತುಕೊಂಡು ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಸೊಸೆಗೂ ಪ್ರವೇಶವಿಲ್ಲ. ಮಧ್ಯಾಹ್ನದ ಹೊತ್ತಿಗೆ ಬಾಗಿಲು ತೆರೆದರೆ ಬೀದಿಯ ತುಂಬ ಕಿತ್ತಳೆ ಸಿಪ್ಪೆಯ ಕಹಿಸಿಹಿ ವಾಸನೆ, ಸಾಲಾಗಿ ನಿಂತ ನನ್ನ ಶೀಸೆಗಳಲ್ಲಿ ಜೇನಿನ ಬಣ್ಣದ ಜಾಮು. ಚಮಚ ನೆಟ್ಟರೆ ನೆಟ್ಟಗೆ ನಿಲ್ಲುತ್ತಿತ್ತು. ಅದಕ್ಕಾಗಿ ಬಂದವರು ಬಂದ ತಪ್ಪಿಗೆ ಹಣ್ಣನ್ನೂ ಒಯ್ಯುತ್ತಿದ್ದರು.

ಮುದುಕಿ ತೀರಿಕೊಂಡಳು. ಗುಟ್ಟು ಒಂದು ಪುಸ್ತಕದಲ್ಲಿ ಉಳಿಯಿತು. ಆ ಪುಸ್ತಕವೋ, ವರ್ಷಗಟ್ಟಲೆ ಸಕ್ಕರೆ ಪಾಕ ಕುಡಿದು, ಹಾಳೆಗಳು ಒಂದಕ್ಕೊಂದು ಅಂಟಿ, ಇರುವೆಗಳ ಸಂಸಾರವಾಗಿತ್ತು. ಜಾಮಿನ ಹಾಳೆಯೊಂದು ಹೇಗೋ ಬಿಡಿಸಿಕೊಂಡು ಬಂತು. ಇನ್ನು ನಾಲ್ಕು ದಿನ ಬಿಟ್ಟರೆ ಅದೂ ಪುಡಿ.

"ಭಾವ, ಇದನ್ನೊಂದು ಚೆನ್ನಾಗಿ ಬರೆದು ಕೊಡಿ. ಗೋಡೆಗೆ ಅಂಟಿಸ್ತೀವಿ," ಎಂದ ಹಣ್ಣಿನವನು. ಬಿಟ್ಟಿ ಊಟಕ್ಕೆ ಬಿಟ್ಟಿ ಕೆಲಸ ಎನ್ನುವುದು ಅವನ ಮನಸ್ಸಿನಲ್ಲಿದ್ದದ್ದು. ಗುಮಾಸ್ತನಿಗೆ ಮಾತ್ರ ಕೋರ್ಟೇ ಮನೆ ಬಾಗಿಲಿಗೆ ಬಂದ ಹಾಗಾಯಿತು. ಇಸ್ತ್ರಿ ಅಂಗಿ ಹಾಕಿಕೊಂಡು ಕೂತ. ಎಂಟು ಸಾಲಿನ ಹಾಳೆಗೆ ಎರಡು ದಿನ! ಅಕ್ಷರ ಇರಲಿ, ಪದ ಪದದ ನಡುವಿನ ಜಾಗವನ್ನೂ ಅಳತೆಪಟ್ಟಿ ಇಟ್ಟು ಅಳೆದು ಇಳಿಸಿದ. ಅಂಚಿನಲ್ಲಿ ಸಣ್ಣಗೆ 'ಇಲ್ಲಿ ಕಲೆ', 'ಇಲ್ಲಿ ಇರುವೆ ತಿಂದಿದೆ, ಅಕ್ಷರಕ್ಕೆ ಬಾಧಕವಿಲ್ಲ' ಎಂದು ಬರೆದ. ನಾನು ಕಿಟಕಿಯಿಂದ ಇಣುಕಿ, "ಸತ್ತ ಇರುವೆಯ ಚಿತ್ರವನ್ನೂ ಬಿಡಿಸಿಬಿಡಿ," ಎಂದೆ.

"ಅಸಲಿನಲ್ಲಿ ಇದ್ದಿದ್ದರೆ ಬಿಡಿಸ್ತಿದ್ದೆ ಶೀಸೆಯವರೇ," ಎಂದ, ತಲೆ ಎತ್ತದೆ.

ನಕಲು ಗೋಡೆಗೆ ಅಂಟಿತು. ತಂಗಿಗೆ ಓದು ಅಷ್ಟಕ್ಕಷ್ಟೇ. ಗಂಡ ಬಾಗಿಲಲ್ಲಿ ನಿಂತು ಗಡಗಡ ಓದುವುದು, ಅವಳು ಮಾಡುವುದು ಎಂದಾಯಿತು.

ಮೊದಲ ಸಲ ಮಾಡಿದ ಜಾಮು ಶೀಸೆ ಓರೆ ಮಾಡಿದರೆ ಓರೆಯಾಗುತ್ತಿತ್ತು. ಎರಡನೆಯದು ಗಟ್ಟಿಯಾಗಲಿ ಎಂದು ಕುದಿಸಿ ಕುದಿಸಿ ತಳ ಹಿಡಿಯಿತು. ಮೂರನೆಯದನ್ನು ಒಯ್ದ ಹೊಲಿಗೆಯಾಕೆ ಅರ್ಧ ಗಂಟೆಯಲ್ಲಿ ವಾಪಸು ಬಂದಳು, ಗಲ್ಲಾಪೆಟ್ಟಿಗೆಯ ಮೇಲೆ ಶೀಸೆ ಇಟ್ಟಳು.

"ಇದು ಜಾಮೋ ಶರಬತ್ತೋ? ಬ್ರೆಡ್ಡಿಗೆ ಹಚ್ಚಿದೆ, ಮೊಣಕೈವರೆಗೆ ಇಳೀತು. ನಿಮ್ಮಮ್ಮ ಮೇಲಿಂದ ನೋಡಿದ್ರೆ ಇನ್ನೊಂದು ಸಲ ಸಾಯ್ತಾಳೆ."

ಹಣ್ಣಿನವನು ಅಪರಾಧಿಯನ್ನು ಹುಡುಕಲು ಹೊರಟ. ಸೇಬನ್ನು ಬೈದ. ಹೆಂಡತಿ ಕಲಕುವ ರೀತಿಯನ್ನು ಬೈದ. ಕೊನೆಗೆ ನನ್ನ ಅಂಗಡಿಗೆ ನುಗ್ಗಿ, "ನಿಮ್ಮ ಮುಚ್ಚಳ ಸರಿ ಇಲ್ಲ, ಗಾಳಿ ಹೋಗಿ ಜಾಮು ನೀರಾಗ್ತಿದೆ," ಎಂದ. ಗಾಳಿ ಹೋದರೆ ನೀರಾಗುವ ವಸ್ತುವನ್ನು ನಾನು ಈವರೆಗೆ ಮಾರಿಲ್ಲ. ಆದರೆ ವ್ಯಾಪಾರಿಗೆ ವಾದ ಗೆಲ್ಲುವುದಕ್ಕಿಂತ ವಾದವನ್ನು ಪಕ್ಕದ ಮನೆಗೆ ಸಾಗಿಸುವುದು ಸುಲಭ.

"ಮುಚ್ಚಳ ಅದೇ, ಶೀಸೆ ಅದೇ," ಎಂದೆ. "ಹೊಸದಾಗಿ ಬಂದದ್ದು ಒಂದೇ, ಗೋಡೆ ಮೇಲಿನ ಹಾಳೆ. ಬರೆದವನನ್ನ ಕೇಳಿ."

ಅವನ ಮುಖ ಬೆಳಗಿತು. ಹೆಂಡತಿಯ ಕಡೆಯವರ ತಪ್ಪು ಸಿಕ್ಕಿದ ಗಂಡನ ಮುಖ ಹೇಗಿರುತ್ತದೆ ಎಂದು ನೋಡಬೇಕಾದರೆ ಅವತ್ತು ನೋಡಬೇಕಿತ್ತು.

ಗುಮಾಸ್ತ ಆಗ ತಾನೇ ಬೋರ್ಡು ಓದಿ ಮುಗಿಸಿ, ಅಂಗಡಿಯ ಮೆಟ್ಟಿಲ ಮೇಲೆ ನಿಂತಿದ್ದ. ಎದುರಿಗೆ ನಾಲ್ಕೈದು ಗಿರಾಕಿಗಳು.

"ಭಾವ, ನಿಜ ಹೇಳಿ. ಎಲ್ಲಿ ಬಿಟ್ಟಿರಿ?"

"ಏನನ್ನ?"

"ಒಂದು ಸಾಲು. ಇಲ್ಲಾ ಒಂದು ಪದ. ಅಮ್ಮ ಏನೋ ಬರೆದಿದ್ದಳು, ನೀವು ನುಂಗಿದೀರಿ."

"ನಾನು ಅಕ್ಷರ ನುಂಗೋದಿಲ್ಲ. ನಿಮ್ಮ ಬೋರ್ಡು ನುಂಗಿದೆ, ತಲೆ ಎತ್ತಿ ನೋಡಿ."

ಯಾರೋ ಕಿಸಕ್ಕೆಂದರು. ಹಣ್ಣಿನವನು ಕೆಂಪಾದ. "ಬೋರ್ಡಿನ ಮಾತು ಬಿಡಿ. ಮೂರು ಸಲ ಜಾಮು ಹಾಳಾಯ್ತು. ಹಾಳೆ ನಿಮ್ಮದು, ಸಹಿ ನಿಮ್ಮದು."

"ಅಸಲು ತನ್ನಿ. ಪಕ್ಕದಲ್ಲಿಟ್ಟು ತಾಳೆ ನೋಡೋಣ."

"ಅಸಲು ಎಲ್ಲಿಂದ ತರಲಿ? ನಿಮ್ಮ ನಕಲು ಬಂತಲ್ಲ ಅಂತ ಆ ಅಂಟು ಪುಸ್ತಕ ಹರಿದು ಪೆಟ್ಟಿಗೆ ತಳಕ್ಕೆ ಹಾಸಿದೆ. ಹಣ್ಣಿನ ಪೆಟ್ಟಿಗೆ ಬೇರೆ ಊರು ಸೇರಿ ತಿಂಗಳಾಯ್ತು."

ಗುಮಾಸ್ತನ ಬಾಯಿ ತೆರೆದದ್ದು ಮುಚ್ಚಲಿಲ್ಲ. "ಅಸಲನ್ನ… ತಳಕ್ಕೆ… ಹಾಸಿದಿರಾ?" ಎಂದ. ಮನೆಯ ಹಿರಿಯರನ್ನು ಗೋಣಿಚೀಲದಲ್ಲಿ ಕಟ್ಟಿ ಕಳಿಸಿದೆ ಎಂದಿದ್ದರೂ ಅವನು ಅಷ್ಟು ಬೆಚ್ಚುತ್ತಿರಲಿಲ್ಲ. "ಕೋರ್ಟಿನಲ್ಲಾಗಿದ್ದರೆ ನಿಮ್ಮನ್ನ ಒಳಗೆ ಹಾಕ್ತಿದ್ರು."

"ಇದು ಕೋರ್ಟಲ್ಲ, ಹಣ್ಣಿನಂಗಡಿ. ಇಲ್ಲಿ ಗಿರಾಕಿ ಹೇಳಿದ್ದೇ ತೀರ್ಪು. ನೋಡಿ ಎಲ್ರೂ! ಮೂವತ್ತೊಂದು ವರ್ಷದಲ್ಲಿ ಒಂದು ಅಕ್ಷರ ತಪ್ಪಿಲ್ಲ ಅಂತ ನಮ್ಮ ತಲೆ ತಿಂದವರು ಇವರೇ. ಎಂಟು ಸಾಲು ಬರೆಯೋಕಾಗ್ಲಿಲ್ಲ. ಇನ್ನು ಆ ಕೋರ್ಟಿನಲ್ಲಿ ಇವರ ಕೈಯಿಂದ ಎಷ್ಟು ಜನ ಸುಮ್ನೆ ಜೈಲಿಗೆ ಹೋದರೋ."

ಹಾಗನ್ನಬಾರದಿತ್ತು. ನಕ್ಕ ಗಿರಾಕಿಗಳಿಗೂ ನಗು ಅರ್ಧಕ್ಕೆ ನಿಂತಿತು. ಗುಮಾಸ್ತ ಮೆಟ್ಟಿಲ ಮೇಲೆ ಕೂತುಬಿಟ್ಟ. ಅವನಿಗೆ ಇದ್ದದ್ದು ಅದೊಂದೇ. ಬಡ್ತಿ ಇರಲಿಲ್ಲ, ಸಂಸಾರ ಇರಲಿಲ್ಲ, ಬೀದಿಯಲ್ಲಿ ಮರ್ಯಾದೆ ಮೊದಲೇ ಇರಲಿಲ್ಲ. 'ಅಸಲಿನಂತೆ ನಕಲು' ಎನ್ನುವ ಎರಡು ಪದ ಬಿಟ್ಟರೆ ಆ ಉದ್ದ ಕತ್ತಿನ ಶೀಸೆಯೊಳಗೆ ಬೇರೇನೂ ಇರಲಿಲ್ಲ. ಅದೂ ಸುಳ್ಳೆಂದಾದರೆ ಅವನು ಯಾವುದಕ್ಕೆ ಬದುಕಿದ್ದ ಎಂಬ ಪ್ರಶ್ನೆ ಏಳುತ್ತದೆ. ಆ ಪ್ರಶ್ನೆ ಅವನ ಮುಖದ ಮೇಲೆಯೇ ಎದ್ದಿತ್ತು.

ಸ್ವಲ್ಪ ಹೊತ್ತಿನ ಮೇಲೆ ಎದ್ದ. ಪ್ಯಾಂಟಿನ ಧೂಳು ಕೊಡವಿಕೊಂಡ.

"ನಾಳೆ ಬೆಳಿಗ್ಗೆ ನನ್ನ ಮುಂದೆ ಮಾಡಿ. ಹಾಳೆಯಲ್ಲಿ ಇದ್ದ ಹಾಗೆ. ಆಮೇಲೂ ಗಟ್ಟಿಯಾಗದಿದ್ದರೆ 'ಈ ನಕಲು ತಪ್ಪು' ಅಂತ ಅದರ ಕೆಳಗೆ ನಾನೇ ಬರೆದು ಸಹಿ ಹಾಕ್ತೀನಿ. ನಿಮ್ಮ ಗಲ್ಲಾಪೆಟ್ಟಿಗೆಯ ಮೇಲೆ ತೂಗುಹಾಕಿಕೊಳ್ಳಿ."

"ಚೌಕಟ್ಟು ಹಾಕಿಸ್ತೀನಿ," ಎಂದ ಹಣ್ಣಿನವನು.

"ಒಬ್ಬ ಸಾಕ್ಷಿ ಬೇಕು. ಸಂಬಂಧಿಕ ಆಗಬಾರದು. ಬುದ್ಧಿವಂತ ಆಗಲೇಬೇಕು ಅಂತೇನಿಲ್ಲ." ಸುತ್ತ ನೋಡಿ, ನನ್ನ ಮೇಲೆ ಕಣ್ಣು ನಿಲ್ಲಿಸಿದ. "ಶೀಸೆಯವರೇ, ನೀವು ಬನ್ನಿ."

ಆ ದಿನವಿಡೀ ಅವನು ಕೋಣೆಯಿಂದ ಹೊರಬರಲಿಲ್ಲ. ಗೋಡೆಯಿಂದ ಹಾಳೆ ಬಿಡಿಸಿ ತಂದು ಮೇಜಿನ ಮೇಲೆ ಇಟ್ಟುಕೊಂಡು ಕೂತಿದ್ದನ್ನು ತಂಗಿ ನೋಡಿದಳಂತೆ. ಊಟದ ತಟ್ಟೆ ಇಟ್ಟು, "ಏನ್ ಮಾಡ್ತಿದೀಯಣ್ಣ?" ಎಂದರೆ, "ಓದ್ತಿದೀನಿ," ಎಂದನಂತೆ, ಕಳ್ಳತನ ಮಾಡುವಾಗ ಸಿಕ್ಕಿಬಿದ್ದವನ ಹಾಗೆ. ಸ್ವಂತ ಕೈಬರಹವನ್ನು ಅವನು ಅರ್ಥಕ್ಕಾಗಿ ಓದಿದ್ದು ಆಯುಷ್ಯದಲ್ಲಿ ಅದೇ ಮೊದಲು.

ಮಾರನೆಯ ಬೆಳಿಗ್ಗೆ ಅಡುಗೆಮನೆಯಲ್ಲಿ ನಾಲ್ವರು. ಒಲೆಯ ಮುಂದೆ ತಂಗಿ. ಬಾಗಿಲಲ್ಲಿ ಹಾಳೆ ಹಿಡಿದ ಗಂಡ. ತರಕಾರಿ ಬುಟ್ಟಿಯ ಪಕ್ಕದ ಸ್ಟೂಲಿನ ಮೇಲೆ ಸಾಕ್ಷಿಯಾಗಿ ನಾನು. ಗುಮಾಸ್ತ ಮತ್ತೆ ಇಸ್ತ್ರಿ ಅಂಗಿ ಹಾಕಿಕೊಂಡು, ಕೈ ಹಿಂದೆ ಕಟ್ಟಿ, ಅಡುಗೆಮನೆ ಎಂಬ ಜಾಗವನ್ನು ಮೊದಲ ಸಲ ನೋಡುವವನ ಹಾಗೆ ನಿಂತಿದ್ದ. ನಿಜವಾಗಿಯೂ ಮೊದಲ ಸಲವೇ ಇರಬೇಕು. ಒಲೆಯನ್ನು ಎಡಕ್ಕೆ ತಿರುಗಿಸುವುದೋ ಬಲಕ್ಕೋ ಎಂದು ಅವನಿಗೆ ತಿಳಿಯದು.

"ಯಾವತ್ತಿನ ಹಾಗೆ ಮಾಡಿ," ಎಂದ.

ಹಣ್ಣಿನವನು ಗಡಗಡ ಶುರುಮಾಡಿದ. "ಸೇಬು ಎಂಟು ಕಿತ್ತಳೆ ನಾಲ್ಕು ನಿಂಬೆ ಎರಡು ಸಣ್ಣಗೆ ಹೆಚ್ಚಿ." ತಂಗಿ ಸೇಬು ಸುಲಿದಳು, ನಡುವಿನ ಗಟ್ಟಿ ಭಾಗ ಕೊರೆದಳು, ಕಿತ್ತಳೆ ಬಿಡಿಸಿದಳು. "ಸಿಪ್ಪೆ ಬೀಜ ಬಿಳಿನಾರು ತೆಗೆದುಹಾಕಿ." ಅವಳು ಅಷ್ಟನ್ನೂ ಬಾಚಿ ಕಸದ ಬುಟ್ಟಿಗೆ ಒಯ್ಯುತ್ತಿದ್ದಳು.

"ನಿಲ್ಲು!"

ಸಾಕ್ಷಿಯಾದ ನಾನು ಸ್ಟೂಲಿನಿಂದ ಬೀಳುವುದರಲ್ಲಿದ್ದೆ. ಆ ಸಣ್ಣ ಬಾಯಿಯಿಂದ ಅಷ್ಟು ದೊಡ್ಡ ಸದ್ದು ಹೊರಡಬಹುದು ಎಂದು ಯಾರಿಗೆ ಗೊತ್ತಿತ್ತು.

"ಯಜಮಾನರೇ, ಏನು ಓದಿದಿರಿ?"

"ಇರೋದನ್ನೇ. ತೆಗೆದುಹಾಕಿ."

"ಹಾಗೆ ಎಲ್ಲಿ ಬರೆದಿದೆ?"

"ಇಲ್ಲಿ! ಕಣ್ಣಿಲ್ವಾ? ತೆಗೆದುಹಾಕಿ."

"ಶೀಸೆಯವರೇ, ನೀವು ನೋಡಿ. ಅರ್ಥ ಮಾಡ್ಕೋಬೇಡಿ, ನಿಮ್ಮಿಂದ ಆಗೋದೂ ಇಲ್ಲ. ಬರೀ ನೋಡಿ. 'ತೆಗೆದು' ಆದ ಮೇಲೆ ಏನಿದೆ?"

ನೋಡಿದೆ. "ಏನೂ ಇಲ್ಲ," ಎಂದೆ.

"ಅದೇ. ಏನೂ ಇಲ್ಲದ ಜಾಗ ಇದೆ. ಅಕ್ಕಿಕಾಳಿನಷ್ಟು. ಅದನ್ನ ನಾನು ಅಳತೆಪಟ್ಟಿ ಇಟ್ಟು ಇಳಿಸಿದ್ದೀನಿ, ನೀವು ಕಿಟಕಿಯಲ್ಲಿ ನಿಂತು ಹಲ್ಲು ಕಿರೀತಿದ್ರಿ. ತೆಗೆದು. ಹಾಕಿ. ಎರಡು ಪದ, ಎರಡು ಕೆಲಸ. ಮೊದಲು ತೆಗೀಬೇಕು. ಆಮೇಲೆ ಹಾಕಬೇಕು."

"ಎಲ್ಲಿಗೆ ಹಾಕೋದು? ಕಸಕ್ಕೆ ತಾನೇ?" ಎಂದ ಹಣ್ಣಿನವನು.

"ಮುಂದೆ ಓದಿ. ನಿಧಾನವಾಗಿ. ಬಸ್ಸೇನೂ ಹೋಗ್ತಿಲ್ಲ."

"ಬಟ್ಟೆ ಕಟ್ಟಿ ಬೇಯಿಸಿ."

"ಇದಕ್ಕೆ ನೀವು ಈವರೆಗೆ ಏನು ಮಾಡಿದಿರಿ?"

ತಂಗಿ ತಲೆ ತಗ್ಗಿಸಿದಳು. "ಪಾತ್ರೆ ಬಾಯಿಗೆ ಬಟ್ಟೆ ಕಟ್ಟಿದ್ವಿ ಅಣ್ಣ. ಒಂದು ಸಲ ಅಂಚಿಗೆ ಬೆಂಕಿ ಹತ್ಕೊಳ್ತು."

"ಆಮೇಲಿನದು?"

"ಮೆತ್ತಗಾದ ಮೇಲೆ ಹಿಂಡಿ," ಎಂದು ಓದಿದ ಹಣ್ಣಿನವನು. ದನಿ ಸ್ವಲ್ಪ ಇಳಿದಿತ್ತು.

"ಏನನ್ನ ಹಿಂಡಿದಿರಿ?"

"ಇನ್ನೊಂದು ನಿಂಬೆ ಹಿಂಡಿದ್ವಿ."

"ನಿಂಬೆ ಮೆತ್ತಗಾಗೋ ತನಕ ಕಾಯ್ತಾ ಕೂತಿದ್ರಾ?"

ಗುಮಾಸ್ತ ಮುಂದೆ ಬಂದು ಹಾಳೆಯ ಕೆಳಭಾಗಕ್ಕೆ ಬೆರಳಿಟ್ಟ. 

"ಇಲ್ಲಿ ನೋಡಿ. 'ನೊರೆ ತೆಗೆದುಹಾಕಿ.' ಇಲ್ಲಿ ಜಾಗ ಇಲ್ಲ. ಕೂಡಿಸಿ ಬರೆದಿದ್ದಾರೆ. ನೊರೆಯನ್ನ ಎಸೀಬೇಕು, ಅದಕ್ಕೆ ಒಂದೇ ಪದ. ಬೀಜವನ್ನ ತೆಗೆದು ಬಟ್ಟೆಗೆ ಹಾಕಿ, ಗಂಟು ಕಟ್ಟಿ, ಹಣ್ಣಿನ ಜೊತೆ ಬೇಯಿಸಿ, ಆ ಗಂಟು ಮೆತ್ತಗಾದ ಮೇಲೆ ಅದನ್ನೇ ಹಿಂಡಬೇಕು. ಅದಕ್ಕೆ ಎರಡು ಪದ. ಒಂದೇ ಕೈ, ಒಂದೇ ಹಾಳೆ. ನಿಮ್ಮಮ್ಮನಿಗೆ ಚುಕ್ಕಿ ಗೊತ್ತಿತ್ತು, ಕಾಮಾ ಗೊತ್ತಿರಲಿಲ್ಲ. ಜಾಗ ಬಿಡೋದು ಮಾತ್ರ ಚೆನ್ನಾಗಿ ಗೊತ್ತಿತ್ತು."

"ಕಸ ಹಾಕಿ ಜಾಮು ಮಾಡ್ತಾರಾ? ಕಹಿ ಆಗಲ್ವಾ?" ಎಂದ ಹಣ್ಣಿನವನು, ಕೊನೆಯ ಕಡ್ಡಿ ಹಿಡಿದು.

ಆಗ ತಂಗಿ ಹಣೆ ಹಣೆ ಬಡಿದುಕೊಂಡಳು. "ಅಯ್ಯೋ, ಆ ಬಟ್ಟೆ! ಜಾಮು ಮಾಡಿದ ದಿನವೆಲ್ಲ ಅತ್ತೆ ಒಂದು ಅಂಗೈಯಗಲದ ಬಟ್ಟೆ ತೊಳೆಯೋಕೆ ಹಾಕೋರು. ಲೋಳೆಲೋಳೆ, ಅಂಟಂಟು. ಒಲೆ ಒರೆಸಿದ್ದು ಅಂದ್ಕೊಂಡಿದ್ದೆ. ಹನ್ನೊಂದು ವರ್ಷ ಬೈಕೊಂಡು ತೊಳೆದಿದೀನಿ ಅಣ್ಣ!"

ಹನ್ನೊಂದು ವರ್ಷ ಗುಟ್ಟನ್ನು ಸೋಪು ಹಾಕಿ ಉಜ್ಜಿದವಳು ಒಬ್ಬಳು, ಬರೆದೂ ಓದದವನು ಒಬ್ಬ, ಓದಿಯೂ ನೋಡದವನು ಇನ್ನೊಬ್ಬ. ಎಂಥ ಮನೆತನ ಎಂದುಕೊಂಡೆ.

ಸಿಪ್ಪೆ, ಬೀಜ, ನಾರು ಗಂಟಾಗಿ ಪಾತ್ರೆಗೆ ಇಳಿಯಿತು. ಮುಕ್ಕಾಲು ಗಂಟೆ ಬೆಂದಿತು. ಗುಮಾಸ್ತ ಪಾತ್ರೆಯ ಪಕ್ಕದಲ್ಲೇ ನಿಂತ, ತೀರ್ಪು ಓದುವುದನ್ನು ಕಾಯುವ ಆರೋಪಿಯ ಹಾಗೆ. ಅಷ್ಟು ವರ್ಷ ಆ ಕೋರ್ಟಿನಲ್ಲಿದ್ದು, ಆ ಜಾಗದಲ್ಲಿ ನಿಲ್ಲುವುದು ಹೇಗಿರುತ್ತದೆ ಎಂದು ಅವನಿಗೆ ಗೊತ್ತಾದದ್ದು ಒಂದು ಜಾಮಿನ ಪಾತ್ರೆಯ ಮುಂದೆ. ಗಂಟನ್ನು ತಟ್ಟೆಗೆ ತೆಗೆದು, ಆರಿದ ಮೇಲೆ ಹಿಂಡುವಾಗ ತಂಗಿ, "ನೀನೇ ಹಿಂಡಣ್ಣ," ಎಂದಳು. ಅವನು ಅಂಗಿಯ ತೋಳು ಎರಡು ಮಡಿಕೆ ಮಡಿಸಿ, ಎರಡೇ ಬೆರಳಲ್ಲಿ ಹಿಡಿದು, ಮುಖ ಅತ್ತ ತಿರುಗಿಸಿ ಹಿಂಡಿದ. ಗಂಜಿಯಂಥ ದಪ್ಪ ಲೋಳೆ ಇಳಿಯಿತು. "ಥೂ," ಎಂದ. ಅವನ ಬಾಯಿಂದ ಬಂದ ಮೊದಲ ಸ್ವಂತ ವಾಕ್ಯ ಅದೇ ಇರಬೇಕು.

ಲೋಳೆ ಪಾತ್ರೆ ಸೇರಿತು, ಸಕ್ಕರೆ ಬಿತ್ತು, ನೊರೆಯನ್ನು ಒಂದೇ ಪದದಲ್ಲಿ ತೆಗೆದು ಎಸೆದದ್ದಾಯಿತು. ಹಾಳೆಯ ಕೊನೆಯ ಸಾಲನ್ನು ಹಣ್ಣಿನವನು ಈಗ ಒಂದೊಂದೇ ಪದ ಬಿಡಿಸಿ ಓದಿದ, ಬೋರ್ಡು ಓದುವ ಗುಮಾಸ್ತನ ಹಾಗೆಯೇ: "ತಟ್ಟೆಯ. ಮೇಲೆ. ಹನಿ. ಬಿಟ್ಟರೆ. ಸುಕ್ಕುಗಟ್ಟಬೇಕು."

ತಂಗಿ ತಣ್ಣನೆಯ ತಟ್ಟೆಯ ಮೇಲೆ ಒಂದು ಹನಿ ಬಿಟ್ಟಳು. ನಾಲ್ಕು ತಲೆ ಬಾಗಿದವು. ಅವಳು ಉಗುರಿನಿಂದ ಮೆಲ್ಲಗೆ ತಳ್ಳಿದಳು. ಹನಿಯ ಮೈ ಮುದುಕಿಯ ಕೆನ್ನೆಯ ಹಾಗೆ ಸುಕ್ಕುಗಟ್ಟಿತು.

ಗುಮಾಸ್ತ ಹಾಳೆಯನ್ನು ಹಣ್ಣಿನವನ ಕೈಯಿಂದ ತೆಗೆದುಕೊಂಡು, ಅದರ ಮೇಲೆ ಬಿದ್ದಿದ್ದ ಒಂದು ರಸದ ತೊಟ್ಟನ್ನು ಕರವಸ್ತ್ರದಿಂದ ಒತ್ತಿ, ಅಂಚಿನಲ್ಲಿ 'ಇಲ್ಲಿ ಹೊಸ ಕಲೆ' ಎಂದು ಬರೆದು, ಗೋಡೆಗೆ ಮತ್ತೆ ಅಂಟಿಸಿ ಕೋಣೆಗೆ ಹೋದ. ಬಾಗಿಲು ಹಾಕಿಕೊಂಡ. ಆ ಕೋಣೆಯ ಗೋಡೆ ನನ್ನ ಅಂಗಡಿಯ ಗೋಡೆಯೇ. ಒಳಗೆ ಅತ್ತನೋ ಸೀನಿದನೋ, ಗೋಡೆ ದಪ್ಪ, ಸರಿಯಾಗಿ ಕೇಳಿಸಲಿಲ್ಲ.

ಹಣ್ಣಿನವನು ಕ್ಷಮೆ ಕೇಳಿದ ಎಂದು ನೀವು ಅಂದುಕೊಂಡಿದ್ದರೆ ನೀವು ವ್ಯಾಪಾರ ಮಾಡಿದವರಲ್ಲ. ಸಂಜೆಯ ಹೊತ್ತಿಗೆ, "ಅಮ್ಮನ ಗುಟ್ಟು, ಯೋಚನೆ ಮಾಡಿ ನಾನೇ ಕಂಡುಹಿಡಿದೆ," ಎಂದು ಹೊಲಿಗೆಯಾಕೆಗೆ ಹೇಳುತ್ತಿದ್ದ. ಅವಳು ಒಳ್ಳೆಯ ಗಿರಾಕಿ. ಹೇಳಿದ್ದನ್ನೆಲ್ಲ ನಂಬಿ, ಎರಡು ಶೀಸೆ ಒಯ್ದಳು.

ಗುಮಾಸ್ತ ಬದಲಾದನೇ? ಎಲ್ಲಿಂದ. ಇನ್ನಷ್ಟು ಕೆಟ್ಟ. ಈಗ ಜಾಮಿನ ಶೀಸೆಗೆ ಅಂಟಿಸುವ ಚೀಟಿ ಬರೆಯುವವನು ಅವನೇ. ಪ್ರತಿ ಚೀಟಿಯ ಕೆಳಗೂ 'ಅಸಲಿನಂತೆ ನಕಲು' ಎಂದು ಬರೆದು ಸಹಿ ಹಾಕುತ್ತಾನೆ. ನಕಲು ಜಾಮು ಯಾಕೆ ಮಾರುತ್ತೀರಿ ಎಂದು ಹೊಸ ಗಿರಾಕಿಗಳು ಜಗಳಕ್ಕೆ ಬಂದರೆ ಒಳಗಿನಿಂದ ಎದ್ದು ಬಂದು, ನಕಲು ಬೇರೆ, ನಕಲಿ ಬೇರೆ ಎಂದು ಕಾಲು ಗಂಟೆ ಪಾಠ ಮಾಡುತ್ತಾನೆ. ಜಾಮನ್ನು ಮಾತ್ರ ಈವರೆಗೆ ನಾಲಿಗೆಗೆ ಹಚ್ಚಿಲ್ಲ. ಸಿಹಿ ಅವನಿಗೆ ಆಗುವುದಿಲ್ಲವಂತೆ. ಬೋರ್ಡು ಹಾಗೇ ಇದೆ, ಬೆಳಗಿನ ಪಾರಾಯಣವೂ ಹಾಗೇ ಇದೆ.

ಕಳೆದ ವಾರ ಶೀಸೆ ಒಯ್ಯಲು ಬಂದ ಗುಮಾಸ್ತ ಗಲ್ಲಾಪೆಟ್ಟಿಗೆಗೆ ಒರಗಿ ನಿಂತು, "ಶೀಸೆಯವರೇ, ಒಂದು ಮಾತು. 'ಬರೆದವನನ್ನ ಕೇಳಿ' ಅಂತ ಅವತ್ತು ಯಜಮಾನರಿಗೆ ಯಾರೋ ಹೇಳಿಕೊಟ್ಟಿದ್ದಾರೆ. ಅಷ್ಟು ಯೋಚನೆ ಅವರ ತಲೆಗೆ ತಾನಾಗಿ ಬರೋದಿಲ್ಲ. ನಿಮಗೇನಾದರೂ ಗೊತ್ತಾ?" ಎಂದ.

"ಯಾರೋ ಗಿರಾಕಿ ಇರಬೇಕು," ಎಂದೆ.

ಅವನು ನಂಬಿದ. ನಾನು ಹೇಳಿದ್ದನ್ನು ಇದ್ದದ್ದು ಇದ್ದ ಹಾಗೆ ತೆಗೆದುಕೊಂಡು, ಶೀಸೆಗಳನ್ನು ಎದೆಗೆ ಅವುಚಿಕೊಂಡು ಹೋದ.

ಹೇಳಿದವನು ನಾನು. ನನ್ನ ಮುಚ್ಚಳ ಉಳಿಸಿಕೊಳ್ಳಲು ಅವನ ಮೂವತ್ತೊಂದು ವರ್ಷವನ್ನು ಮುಂದೆ ತಳ್ಳಿದೆ. 'ತಪ್ಪು ನನ್ನದು' ಎನ್ನುವ ಎರಡು ಪದ ನಾನು ಅವನಿಗೆ ಕೊಡಬೇಕಾಗಿದೆ, ಇನ್ನೂ ಕೊಟ್ಟಿಲ್ಲ.